ವಿಭೂತಿ ಇಲ್ಲದ ಕಾರ್ಡು

ಮೂರು ದಿನದಿಂದ ಕಂಪ್ಯೂಟರು ತನ್ನೊಳಗಿನ ಗ್ರಾಫಿಕ್ಸ್ ಕಾರ್ಡನ್ನೇ ಗುರುತು ಹಿಡಿಯುತ್ತಿರಲಿಲ್ಲ. ಅದಿಲ್ಲದೆ ಎಡಿಟಿಂಗ್ ಸಾಫ್ಟ್‌ವೇರ್ ಕಣ್ಣೇ ಬಿಡದು. ಪುರವರದ ರಂಗಸ್ವಾಮಿಯ ಮಗಳ ಮದುವೆ ವಿಡಿಯೋ ಇವತ್ತು ಸಂಜೆಗೆ ಕೊಡಬೇಕು. ಕೊಡದಿದ್ದರೆ ಗಗನಾ, ಮನೆ ಮುಂದಿನ ಸ್ಟುಡಿಯೋದಲ್ಲಿನ ತನ್ನ ಕುರ್ಚಿ ಬಿಟ್ಟು ಅಡುಗೆಮನೆಗೆ ನಡೆಯಬೇಕು. ಗಂಡ ರುದ್ರಮುನಿ ಹಾಗೆಂದು ಊಟಕ್ಕೆ ಕೂತಾಗ ಹೇಳಿದ್ದ, ಉಪ್ಪು ಕೇಳಿದಷ್ಟೇ ಸಲೀಸಾಗಿ.

ನಾಲ್ಕು ವರ್ಷದ ಕುರ್ಚಿ ಅದು. ಹಳೇ ಸೀರೆಯಲ್ಲಿ ದಿಂಬು ಹೊಲಿದು ಹಾಕಿದ್ದಳು. ಆ ಮನೆಯಲ್ಲಿ ತನ್ನದು ಅನ್ನಿಸುವಂಥದ್ದು ಅದೊಂದೇ.

ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದಳು. ವಿಂಡೋಸ್ ಅಪ್‌ಡೇಟ್ ಮಾಡಿದ್ದಳು. ಪರದೆಯ ಮೇಲಿನ ಬಿಡಿಭಾಗಗಳ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಇಲ್ಲ. ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಲೇ ಎಂದರೆ ರುದ್ರಮುನಿ, "ಸ್ಕ್ರೂಗೆ ಕೈ ಹಾಕೀಯ, ವಾರಂಟಿ ಹೋಯ್ತದೆ" ಎಂದು ಗದರಿದ. ಅತ್ತೆ ದಾಕ್ಷಾಯಣಮ್ಮ ಸ್ಟುಡಿಯೋಗೆ ಬಂದವರ ಮುಂದೆಲ್ಲ, "ನಮ್ ಸೊಸೆ ಕೈಗುಣ ಕಣಮ್ಮ, ಏನೂ ಉಳಿಯಾಕಿಲ್ಲ" ಎಂದು ನಗುತ್ತಿದ್ದಳು. ಹೋದ ವರ್ಷ ಹೊಟ್ಟೆಯಲ್ಲೇ ಕರಗಿದ ಕೂಸನ್ನೂ ಸೇರಿಸಿಯೇ ಅತ್ತೆ ಆ ಮಾತು ಆಡುತ್ತಾಳೆಂದು ಗಗನಾಗೆ ಗೊತ್ತಿತ್ತು.

ಇವತ್ತು ರುದ್ರಮುನಿ ಕೊರಟಗೆರೆಗೆ ಶೂಟಿಂಗಿಗೆ ಹೋದದ್ದೇ ತಡ, ಅವಳು ಸ್ಕ್ರೂ ಬಿಚ್ಚಿದಳು. ಪವರ್ ಕೇಬಲ್ ಸರಿಯಾಗಿಯೇ ಇತ್ತು. ಕಾರ್ಡು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದಳು. ಮಗುಚಿ ನೋಡಿದವಳ ಕೈ ನಿಂತಿತು.

ಆಯುಧಪೂಜೆಯ ದಿನ ಅತ್ತೆ, "ಅನ್ನ ಕೊಡೋದಕ್ಕೆಲ್ಲ ಹಚ್ಚು" ಎಂದಿದ್ದಳು. ಕ್ಯಾಮೆರಾಕ್ಕೆ, ಟ್ರೈಪಾಡಿಗೆ ಹಚ್ಚಿದ ಮೇಲೆ ಡಬ್ಬ ತೆರೆದು ಈ ಕಾರ್ಡಿನ ಬೆನ್ನಿಗೂ ಮೂರು ಬೆರಳಿನಿಂದ ವಿಭೂತಿ ಎಳೆದವಳು ಗಗನಾನೇ. ಈಗ ಆ ಬೆನ್ನು ಬೋಳಾಗಿತ್ತು. ಕಾರ್ಡಿನ ಪುಟ್ಟ ಫ್ಯಾನಿನ ತುಂಬ ಇನ್ಯಾರದೋ ಮನೆಯ ಜಿಡ್ಡು.

"ಅತ್ತೆ, ಇದು ನಮ್ ಕಾರ್ಡಲ್ಲ. ಯಾರೋ ಬದಲಾಯಿಸವ್ರೆ."

ದಾಕ್ಷಾಯಣಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಯಾರೋ ಅಲ್ಲ, ನಿನ್ ಗಂಡ್ನೇ. ನಮ್ ಪ್ರಭುದೇವ್ ಸಿರಾದಾಗೆ ಸ್ಟುಡಿಯೋ ಇಡ್ತಾವ್ನೆ. ತಮ್ಮಂಗೆ ಕೊಟ್ಟ. ಅವನ್ದು ಕೆಟ್ಟೋಗಿದ್ನ ಇಲ್ಲಿಗಾಕ್ದ."

"ಮತ್ತೆ ಮೂರು ದಿನದಿಂದ ನನ್ನ ಕೈಗುಣ ಅಂದಿದ್ದು?"

"ಅಂದ್ರೇನು, ಸವೆದೋದ್ಯಾ?"

ಅತ್ತೆ ಎದ್ದು ಬಂದಳು. ದೇವರ ಪಟದ ಬಳಿಯ ವಿಭೂತಿಗಟ್ಟಿಯನ್ನು ಒದ್ದೆ ಬೆರಳಿಗೆ ತಿಕ್ಕಿ, ಸತ್ತ ಕಾರ್ಡಿನ ಬೆನ್ನಿಗೆ ನಿಧಾನವಾಗಿ ಮೂರು ಗೆರೆ ಎಳೆದಳು. "ತಗಾ, ಇದೂ ನಮ್ದೇ ಆತು. ಒಳಗಿಟ್ಟು ಮುಚ್ಚು."

ಗಗನಾ ಮುಚ್ಚಿದಳು. ಸಂಜೆ ಬಾಯಿ ಬಿಡುತ್ತೇನೆ, ರಂಗಸ್ವಾಮಿಯ ಎದುರಿಗೇ ಎಲ್ಲ ಹೇಳುತ್ತೇನೆ ಎಂದುಕೊಂಡಳು. ಮಧ್ಯಾಹ್ನವೆಲ್ಲ ಮಾತನ್ನು ಜೋಡಿಸಿದಳು.

ರಂಗಸ್ವಾಮಿ ಬಂದ. ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಅತ್ತೆಯೇ ಶುರು ಮಾಡಿದಳು: "ಕೆಟ್ಟೋಗೈತೆ ಸ್ವಾಮಿ. ನಾನ್ಯಾಕೆ ಹೇಳ್ಲಿ, ಅವಳನ್ನೇ ಕೇಳಿ. ಲೇ ಗಗನಾ, ದೇವರ ಮೇಲೆ ಆಣೆ ಇಟ್ಟೇಳು, ಬೇಡ ಅಂದ್ರೂ ಸ್ಕ್ರೂ ಬಿಚ್ಚಿದ್ದು ಯಾರು?"

ಮೇಜಿನ ಮೇಲೆ ಸ್ಕ್ರೂಡ್ರೈವರ್ ಇನ್ನೂ ಬಿದ್ದಿತ್ತು.

"ನಾನೇ," ಎಂದಳು ಗಗನಾ. "ಆದ್ರೆ ಅದು..."

"ಕೇಳುಸ್ತಾ?" ಎಂದಳು ಅತ್ತೆ.

"ಹೆಂಗಸ್ರ ಕೈಗೆ ಮಿಶಿನ್ ಯಾಕಮ್ಮ ಕೊಡ್ತೀರಿ?" ಎಂದ ರಂಗಸ್ವಾಮಿ, ಅವಳ ಕಡೆ ನೋಡದೆ.

"ನಾಳೆಯಿಂದ ಕೊಡಾಕಿಲ್ಲ ಬುಡಿ. ನಿಂತೇ ಇದೀರಲ್ಲ, ಕುಂತ್ಕಳಿ."

ದಾಕ್ಷಾಯಣಮ್ಮ ಕುರ್ಚಿಯನ್ನು ಎಳೆದು ಅವನ ಮುಂದಿಟ್ಟಳು. ದಿಂಬನ್ನು ಒಮ್ಮೆ ಕೊಡವಿ, ಕಾಫಿ ಮಾಡಲು ಸೊಸೆಯನ್ನು ಒಳಗೆ ಕಳಿಸಿದಳು.