ಬೀರುವಿನ ಮನೆ ಯಾವುದು?

ಎಲ್ಲಿಂದ ಶುರು ಮಾಡಲಿ? ಸಿಪಾಯಿಗಳಿಂದ ಶುರು ಮಾಡಿದರೆ ಹೆದರುತ್ತೀರಿ, ಇತಿಹಾಸದ ಮಾಸ್ತರನಿಂದ ಮಾಡಿದರೆ ಆಕಳಿಸುತ್ತೀರಿ. ಮಾಸ್ತರನೇ ಇರಲಿ.

೧

ಸೋಮು ಈಗಿನ ಕಾಲದವನು, ಕಾರವಾರದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಾನೆ. ಅಂಕೋಲೆಯ ಕರನಿರಾಕರಣೆಗೆ ಅವನ ಪಾಠದಲ್ಲಿ ಎರಡೇ ಸಾಲು. ಮನೆಯಲ್ಲಿ ಅಷ್ಟೂ ಇಲ್ಲ. 1932ರ ಬೇಸಿಗೆಯಲ್ಲಿ ಅವರ್ಸಾದ ಆಚೆಯ ಊರಲ್ಲಿ ಅವನ ಮುತ್ತಜ್ಜ ಬೀರುವಿನ ಮನೆ ಜಪ್ತಿಯಾಯಿತು. ಯಾರೋ ಮನೆ ತೋರಿಸಿಕೊಟ್ಟಿದ್ದರು. ಯಾರು ಎಂದು ಕೇಳಿದರೆ ಅಜ್ಜ ಊಟ ಬಿಟ್ಟು ಏಳುತ್ತಿದ್ದ.

ಅದನ್ನು ತಿಳಿಯಲಿ ಎಂದೇ ಸೋಮುವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. (ಟೈಮ್ ಮೆಷಿನ್ ಇಲ್ಲ. ಅಂಕೋಲಾ ಬಸ್ಸಿನಲ್ಲಿ ನಿದ್ದೆ ಹೋದ, ಎದ್ದಾಗ ರಸ್ತೆಗೆ ಡಾಂಬರು ಇರಲಿಲ್ಲ. ಸಾಲದಿದ್ದರೆ ಬೇರೆ ಕಥೆ ಓದಿ.)

೨

ಕಾಯಿದೆ ಪ್ರಕಾರ ಸಿಪಾಯಿಗಳು ಕರ ಕೊಡದವನ ಸಾಮಾನನ್ನು ಮಾತ್ರ ಎತ್ತಬಹುದಿತ್ತು. ಹಾಗಾಗಿ ಊರು ಮಾತು ಬಿಟ್ಟಿತು. ಬಾಗಿಲೆಳೆದುಕೊಂಡು ಎಲ್ಲರೂ ಒಂದೇ ಮರದ ಕೆಳಗೆ ಕೂತರು. ಯಾವ ಮನೆ ಯಾರದು, ಯಾವ ಎತ್ತು ಯಾರದು, ಯಾರೂ ಹೇಳಬಾರದು.

"ಬೀರು ಅನ್ನಾವನ ಮನಿ ಯಾವುದಲೇ?" ಧಾರವಾಡ ಕಡೆಯ ಹವಾಲ್ದಾರ ಕೇಳಿದ.

ಮುದುಕ ಕುಪ್ಪ ತೆಂಗಿನ ತುದಿ ನೋಡಿದ.

"ಮ್ಯಾಲೇನ್ ನೋಡ್ತಿ? ಬೀರು ಅಲ್ಲಿ ಕುಂತಾನೇನು?"

ಸಿಪಾಯಿಗಳು ನಕ್ಕರು. ಆಮೇಲೆ ಹೊಡೆದರು. ಕುಪ್ಪನ ಬಾಯಿಂದ ರಕ್ತ ಬಂತು, ಮಾತು ಬರಲಿಲ್ಲ.

ಅಷ್ಟರಲ್ಲಿ ಸೋಮು ಗದ್ದೆ ದಾಟಿ ಬಂದ. ಬಾವಿ ಕಂಡಿತು, ಬಾವಿಯ ಬದಿಗೆ ತಾನು ಬಾಲ್ಯದಲ್ಲಿ ಹತ್ತಿದ್ದ ಸುರಗಿ ಮರ, ಇನ್ನೂ ಸಸಿ. ಖುಷಿ ತಡೆಯಲಾಗಲಿಲ್ಲ.

"ಅರೇ! ಇದೇ ನಮ್ಮ ಬೀರಜ್ಜನ ಮನೆ!"

೩

ನೀವು ಊಹಿಸಿದ್ದಿರಿ. ನಾನೂ. ನಾಚಿಕೆಯಾಗಿ ಡ್ರಾಫ್ಟ್ ಹರಿದೆ.

ಎರಡನೆಯದರಲ್ಲಿ ಸೋಮುವನ್ನು ಮೂಗನನ್ನಾಗಿ ಮಾಡಿದೆ. ಕೈ ಮಾಡಿ ತೋರಿಸಿದ. ಮೂರನೆಯದರಲ್ಲಿ ಅವನನ್ನು ಬಸ್ಸಿನಿಂದ ಇಳಿಸಲೇ ಇಲ್ಲ. ಆಗ ಊರಿನವರೇ ಒಬ್ಬರು ಹೇಳಬೇಕಾಯಿತು. ಮರದ ಕೆಳಗಿನ ಮುಖಗಳನ್ನು ಒಂದೊಂದಾಗಿ ನೋಡಿದೆ. ಯಾರ ಬಾಯಲ್ಲೂ ಆ ಮಾತು ಇಡಲಾಗಲಿಲ್ಲ.

ಮೊದಲನೆಯದಕ್ಕೇ ಮರಳಿದೆ.

೪

ಪಾತ್ರೆ ಹೋದವು, ಎತ್ತು ಹೋದವು. ಕೊನೆಗೆ ಅಟ್ಟದಿಂದ ಮುಡೆ ಇಳಿಸಿದರು, ಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟ ಬಿತ್ತನೆಯ ಭತ್ತ. ಬೀರು ಆಗಲೇ ಜೈಲಿನಲ್ಲಿದ್ದ. ಅವನ ಹೆಂಡತಿ ಹೊನ್ನಿ ಮಗುವನ್ನು ಸೊಂಟಕ್ಕೇರಿಸಿ ನೋಡುತ್ತಿದ್ದಳು. ಅವಳಿಗೆ ಸೋಮುವಿನ ಅರ್ಧ ವಯಸ್ಸೂ ಇರಲಿಲ್ಲ.

"ಅಜ್ಜೀ, ಹೆದರಬೇಡಿ..."

"ಯಾರಿಗೋ ಅಜ್ಜಿ ಅಂಬೂದು?"

"ಹೋದದ್ದೆಲ್ಲ ವಾಪಸ್ ಬರ್ತದೆ. ನಂಗೊತ್ತು."

"ಯಾವಾಗ?"

"ಆರೇಳು ವರ್ಷಕ್ಕೆ, ನಮ್ಮವರ ಸರ್ಕಾರ ಬಂದಮೇಲೆ."

"ಈ ಮಳೆಗೆ ಎಂತ ಬಿತ್ತೂದು?"



೫

ಹೊನ್ನಿ ನನ್ನತ್ತ ತಿರುಗಿದಳು.

"ಬರೆಯೂವವ ನೀನೇ ಅಲ್ಲವೋ, ತಮಾ?"

"ಹೌದು. ಯಾರು ತೋರಿಸಿದ್ದು ಅಂತ..."

"ಅದು ನಿನ್ನ ಮಾಸ್ತರಂಗೆ ಬೇಕು. ನಂಗೆ ಬಿತ್ತ ಬೇಕು. ಒಂದು ಮುಡೆ ಬರಿ."

ಬರೆದೆ: ಹುಲ್ಲಿನ ಬಣವೆಯೊಳಗೆ ಒಂದು ಮುಡೆ ಉಳಿದಿತ್ತು. ಮರುವಾಕ್ಯದಲ್ಲೇ ಸಿಪಾಯಿಯೊಬ್ಬ ಬಣವೆಗೆ ಬಂದೂಕಿನ ತುದಿಯ ಸಂಗೀನು ಚುಚ್ಚಿದ. ಆ ವಾಕ್ಯವನ್ನು ನಾನು ಬರೆದಿರಲಿಲ್ಲ.

ಎರಡೂ ವಾಕ್ಯ ಹೊಡೆದುಹಾಕಿ ಮತ್ತೆ ಬರೆದೆ: ಪಕ್ಕದ ಮನೆಯ ಗಂಗಿ ಸದ್ದಿಲ್ಲದೆ ತನ್ನ ಬಿತ್ತದಲ್ಲಿ ಅರ್ಧ ಕೊಟ್ಟಳು.

"ಹಾಳಾದವನೇ, ಹೆಸರು ಯಾಕ್ ಹೇಳ್ದೆ?" ಹೊನ್ನಿ ಚೀರಿದಳು. "ಅವಳೂ ಕರ ಕೊಟ್ಟವಳಲ್ಲ!"

ಹವಾಲ್ದಾರ ಹೊರಟವನು ನಿಂತ. "ಗಂಗಿ ಯಾರಾಕಿ? ಯಾವ ಕಡೆ ಪಕ್ಕದ ಮನಿ?"

ಅವನು ಕೇಳುತ್ತಿದ್ದದ್ದು ನನ್ನನ್ನು.

ಮರದ ಕೆಳಗೆ ಕುಪ್ಪನ ಬದಿಗೆ ಹೋಗಿ ಕೂತೆ. ಯಾರೂ ಜಾಗ ಬಿಡಲಿಲ್ಲ.

ಮೂರು ಮುಕ್ತಾಯ ಯೋಚಿಸಿಟ್ಟಿದ್ದೆ, ಒಂದರಲ್ಲಿ ಪೈರು ಸಹ ಇದೆ. ಬರೆಯುವುದಿಲ್ಲ. ಇನ್ನೊಂದು ವಾಕ್ಯ ಬರೆದರೂ ಅದು ಯಾವುದೋ ಬಾಗಿಲಿನ ಕಡೆ ಕೈ ತೋರಿಸುತ್ತದೆ. ಆ ಮಳೆಗಾಲ ಹೊನ್ನಿ ಬಿತ್ತಿದಳೇ ಎಂದು ನೀವು ಕೇಳುತ್ತಿದ್ದೀರಿ. ಕೇಳುವುದು ಸಹಜ. ಆದರೆ ನಿಮ್ಮ ಬೆನ್ನ ಹಿಂದೆ ಯಾರು ನಿಂತು ಓದುತ್ತಿದ್ದಾರೋ ನನಗೆ ಗೊತ್ತಿಲ್ಲ.