ಊಟ ಆದಮೇಲೆ ಬಾ

"ಹಂಗಾದ್ರೆ ಗೌಡ್ರಿಗೂ ಅಮ್ಮೋರಿಗೂ ಪ್ರೀಮಿಯಂ. ನಿಮಗೆ ಸ್ಟಾಂಡರ್ಡ್, ಒಳಗಿನ ರೂಮು," ಎಂದು ಯೋಗರಾಜ್ ಯಾರನ್ನೂ ಕೇಳದೆ ಕಂಪ್ಯೂಟರಿನಲ್ಲಿ ಒತ್ತಿಯೇಬಿಟ್ಟ.

ಸಾಗರದ ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲೆ ಅವನ ಟ್ರಾವೆಲ್ಸ್ ಆಫೀಸು. ಎದುರಿನ ಎರಡು ಕುರ್ಚಿಗಳಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಅರಳಸುರಳಿಯ ಚಂದ್ರಯ್ಯಗೌಡರ ಹೆಂಡತಿ ವೆಂಕಮ್ಮ. ಇನ್ನೊಬ್ಬಳು ಕಾರ್ಗಲ್ಲಿನ ಗುತ್ಯಮ್ಮ. ಹೊಸನಗರದ ಆಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ನರ್ಸಾಗಿದ್ದು ನಿವೃತ್ತಿಯಾದವಳು. ಗಂಡಂದಿರಿಬ್ಬರೂ ಕೆಳಗಿನ ಹೋಟೆಲಿಗೆ ಟೀ ಕುಡಿಯಲು ಹೋಗಿದ್ದರು. ಹಡಗಿನ ವಿಷಯ ಹೆಂಗಸರು ತೀರ್ಮಾನ ಮಾಡಿದರೆ ಸಾಕು, ತಾವು ಚೀಲ ಹೊತ್ತುಕೊಂಡು ಬರುವವರು ಎಂದು ಅವರು ಮೊದಲೇ ಕೈ ತೊಳೆದುಕೊಂಡಿದ್ದರು.

ಯೋಗರಾಜನೇನು ಕೆಟ್ಟವನಲ್ಲ. ತೀರ್ಥಹಳ್ಳಿ ಕಡೆಯವನು. ಚಂದ್ರಯ್ಯಗೌಡರ ಮನೆ ಯಾವುದು, ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ ಗುತ್ಯಮ್ಮನ ಗಂಡ ಕೆರಿಯಪ್ಪ ಯಾರು ಎಂದು ಅವನಿಗೆ ಚೆನ್ನಾಗಿ ಗೊತ್ತು. ಯಾರನ್ನು ಎಲ್ಲಿ ಕೂರಿಸಬೇಕೆಂಬುದನ್ನು ಈ ಕಡೆ ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ, ಅದು ತಾನಾಗಿಯೇ ಬಂದುಬಿಡುತ್ತದೆ.

"ಒಳಗಿನ ರೂಮು ಅಂದ್ರೆ ಎಂತ?" ಎಂದು ಗುತ್ಯಮ್ಮ ಕೇಳಿದಳು.

"ಕಿಟಕಿ ಇರಲ್ಲ ಅಷ್ಟೇ. ಏಸಿ, ಹಾಸಿಗೆ ಎಲ್ಲಾ ಫಸ್ಟ್ ಕ್ಲಾಸ್. ಮಲಗೋಕೆ ತಾನೆ?"

"ಪ್ರೀಮಿಯಂನಲ್ಲಿ?"

ಯೋಗರಾಜ್ ಪರದೆಯನ್ನು ತಿರುಗಿಸಿದ. ಆದರೆ ತಿರುಗಿಸಿದ್ದು ವೆಂಕಮ್ಮನ ಕಡೆಗೆ. "ಅದು ಮೇಲಿನ ಅಂತಸ್ತು. ರೂಮಿಗೊಂದು ಬಾಲ್ಕನಿ, ಕೂತ್ರೆ ಎದುರಿಗೇ ಸಮುದ್ರ. ಊಟದ ಹಾಲೇ ಬೇರೆ, ಕೆಳಗಿನವರನ್ನ ಅಲ್ಲಿಗೆ ಬಿಡಲ್ಲ. ಈ ತಾರೀಕಿಗೆ ಒಂದೇ ಒಂದು ಖಾಲಿ ಇದೆ. ಅಮ್ಮೋರ ಅದೃಷ್ಟ."

ಗುತ್ಯಮ್ಮ ವೆಂಕಮ್ಮನ ಮುಖ ನೋಡಿದಳು. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬರೋಣ ಎಂದು ಹೊರಡಿಸಿದವಳು ಗುತ್ಯಮ್ಮನೇ. ಇದಕ್ಕೆ ಮುಂಚೆ ಕಾಶಿಗೆ ಹೋಗಿದ್ದರು, ರಾಮೇಶ್ವರಕ್ಕೆ ಹೋಗಿದ್ದರು. ರೈಲಿನಲ್ಲಿ ಒಬ್ಬಳು ಕೆಳಗಿನ ಬರ್ತಿನಲ್ಲಿ ಮಲಗಿದರೆ ಇನ್ನೊಬ್ಬಳು ಅವಳ ಕಾಲ ಹತ್ತಿರ ಕೂತು ಅವಲಕ್ಕಿ ತಿಂದದ್ದುಂಟು. ವೆಂಕಮ್ಮನ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ಗುತ್ಯಮ್ಮನದು. ಆವತ್ತಿನಿಂದ ಇಬ್ಬರಿಗೂ ಚಿಕ್ಕಂದಿನ ಹಾಗೆ ಮತ್ತೆ ಹೋಗೆ ಬಾರೆ ಎನ್ನುವ ಸಲಿಗೆ. 'ಇಬ್ರಿಗೂ ಒಂದೇ ಥರದ್ದು ಬರಿಯಪ್ಪ' ಎಂದು ಇವಳು ಈಗ ಹೇಳುತ್ತಾಳೆ ಎಂದು ಗುತ್ಯಮ್ಮ ಕಾದಳು. ನಾಲ್ಕು ಮಾತು, ಅದಕ್ಕೇನು ಹೆಚ್ಚು ಹೊತ್ತು ಬೇಕಾಗಿರಲಿಲ್ಲ.

ವೆಂಕಮ್ಮ ಪರದೆಯ ಮೇಲಿನ ಬಾಲ್ಕನಿಯನ್ನು ನೋಡುತ್ತಿದ್ದಳು. ಆಮೇಲೆ ಸ್ನೇಹಿತೆಯ ಮೊಣಕೈ ಮುಟ್ಟಿ, "ನೀ ಎಂತಕ್ಕೆ ಮುಖ ಸಣ್ಣ ಮಾಡ್ತಿ ಮಾರಾಯ್ತಿ? ಊಟ ಆದ್ಮೇಲೆ ನಮ್ ರೂಮಿಗೆ ಬಾ. ಇಬ್ರೂ ಬಾಲ್ಕನೀಲಿ ಕೂತು ಸಮುದ್ರ ನೋಡಾನ," ಅಂದಳು.

ಪ್ರೀತಿಯಿಂದಲೇ ಅಂದಳು. ಅದನ್ನೇ ಗುತ್ಯಮ್ಮನಿಗೆ ತಡೆಯಲಾಗಲಿಲ್ಲ.

ಐವತ್ತೈದು ವರ್ಷದ ಹಿಂದೆಯೂ ವೆಂಕಮ್ಮ ಇದೇ ಮಾತನ್ನು ಇಷ್ಟೇ ಪ್ರೀತಿಯಿಂದ ಹೇಳಿದ್ದಳು. ಆಗ ಇಬ್ಬರಿಗೂ ಹತ್ತು ವರ್ಷ. ಗುತ್ಯಮ್ಮನ ಅಪ್ಪ ವೆಂಕಮ್ಮನ ತವರುಮನೆಯ ಗೇಣಿ ಒಕ್ಕಲು. ಶಾಲೆಯಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂರುತ್ತಿದ್ದರು, ಭಾಗಾಕಾರವನ್ನೆಲ್ಲ ವೆಂಕಮ್ಮ ಇವಳ ಸ್ಲೇಟು ನೋಡಿಯೇ ಬರೆಯುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಒಕ್ಕಲಿಗೆಲ್ಲ ದೊಡ್ಡಮನೆಯಲ್ಲಿ ಊಟ. ವೆಂಕಮ್ಮ ಕೈಹಿಡಿದು ಎಳೆದಳೆಂದು ಗುತ್ಯಮ್ಮ ಜಗಲಿ ಹತ್ತಿ ಅವಳ ಪಕ್ಕದ ಎಲೆಯ ಮುಂದೆ ಕೂತಿದ್ದಳು. ವೆಂಕಮ್ಮನ ತಾಯಿ ಬೈಯಲಿಲ್ಲ, ಗದರಲಿಲ್ಲ. "ಮಗಾ, ನೀ ಅಂಗಳದಾಗೆ ಕೂತ್ಕಾ. ಉಂಡಾದ್ಮೇಲೆ ಎಲೆ ತೆಗ್ದು, ಕೂತ ಜಾಗಕ್ಕೆ ಸಗಣಿ ಹಚ್ಚಿ ಹೋಗು," ಎಂದು ಮೆತ್ತಗೆ ಹೇಳಿದ್ದಳು. ಗುತ್ಯಮ್ಮ ಎದ್ದಳು. ಗೆಳತಿ ಏನಾದರೂ ಹೇಳುತ್ತಾಳೇನೋ ಎಂದು ತಿರುಗಿ ನೋಡಿದಳು. ವೆಂಕಮ್ಮ ತಲೆ ತಗ್ಗಿಸಿ ಅನ್ನ ಕಲಸುತ್ತ, "ಊಟ ಆದ್ಮೇಲೆ ಆಡಾಕೆ ಬಾ," ಅಂದಿದ್ದಳು.

ಆಮೇಲೆ ಗೇಣಿ ಕಾಯ್ದೆ ಬಂತು, ಗದ್ದೆ ಅಪ್ಪನ ಹೆಸರಿಗಾಯಿತು, ಗುತ್ಯಮ್ಮ ನರ್ಸಾದಳು. ಎಲ್ಲ ಸರಿಹೋಯಿತು ಎಂದೇ ಎಲ್ಲರೂ ಅಂದುಕೊಂಡರು. ಒಂದು ಮಾತ್ರ ಹೋಗಲಿಲ್ಲ. ಮದುವೆಮನೆಯಿರಲಿ, ದೇವಸ್ಥಾನವಿರಲಿ, ಉಂಡೆದ್ದ ಕೂಡಲೇ ಗುತ್ಯಮ್ಮನ ಕೈ ತನ್ನ ಎಲೆಗೆ ಹೋಗುತ್ತದೆ. "ತೆಗಿಯಾಕೆ ಜನ ಇದಾರೆ, ಬಿಡಿ ಅಕ್ಕಾ," ಎಂದು ಬಡಿಸುವವರು ಹೇಳಿದರೂ ಬಿಡುವುದಿಲ್ಲ. "ಇವ್ಳಿಗೆ ಸರ್ಕಾರ ಎಲೆ ತೆಗಿಯಾಕೂ ಸಂಬ್ಳ ಕೊಡ್ತಿತ್ತು," ಎಂದು ಕೆರಿಯಪ್ಪ ತಮಾಷೆ ಮಾಡುತ್ತಾನೆ. ಪಾಪ, ಅವನಿಗೆ ಈ ಕಥೆ ಗೊತ್ತಿಲ್ಲ. ಅವಳು ಯಾರಿಗೂ ಹೇಳಿಲ್ಲ.

ಗುತ್ಯಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಯೋಗರಾಜಪ್ಪಾ, ಆ ಪ್ರೀಮಿಯಂ ನಮಗೆ ಬರಿ."

"ಅಲ್ಲ ಅಕ್ಕಾ, ಅದು... ರೇಟು ಸ್ವಲ್ಪ..."

"ರೇಟು ಕೇಳಿದ್ನಾ ನಾನು? ಕೆರಿಯಪ್ಪ, ಗುತ್ಯಮ್ಮ. ಹೆಸ್ರು ಸರಿಯಾಗಿ ಬರಿ."

ಯೋಗರಾಜ್ ವೆಂಕಮ್ಮನ ಕಡೆ ನೋಡಿದ. ಅಪ್ಪಣೆ ಕೇಳುವ ನೋಟ ಅದು. ಗುತ್ಯಮ್ಮನಿಗೆ ಮೈಯೆಲ್ಲ ಉರಿಯಿತು.

"ಅಲ್ಲೆಂತ ನೋಡ್ತಿ? ದುಡ್ಡು ಕೊಡಾದು ನಾನು, ನನ್ನ ಮುಖ ನೋಡು. ಒಂದೇ ಇರಾದು ಅಂದ್ಯಲ್ಲ, ಮೊದ್ಲು ಕೇಳಿದೋರಿಗೆ ಅದು. ಇವ್ರು ಕೇಳಿದ್ರಾ? ನೀನೇ ಕೊಟ್ಟಿದ್ದು. ನಾನು ಕೇಳ್ತಾ ಇದೀನಿ."

ವೆಂಕಮ್ಮನ ಮುಖ ಕೆಂಪಾಯಿತು. ಎದ್ದು ಹೋಗಬಹುದಿತ್ತು. ಆದರೆ ಒಂದು ರೂಮಿಗಾಗಿ ಮುನಿಸಿಕೊಂಡಳು ಎಂದು ಊರೆಲ್ಲ ಆಡಿಕೊಳ್ಳುವುದು ದೊಡ್ಡಮನೆ ಹೆಣ್ಣಿಗೆ ಸಾಧ್ಯವೇ? ಸೆರಗು ಸರಿಮಾಡಿಕೊಂಡು, "ಅವ್ಳೇ ತಗಳ್ಳಿ. ನಮಗೆ ಒಳಗಿಂದು ಸಾಕು," ಅಂದಳು.

ವೆಂಕಮ್ಮ ಮುಂದೆ, ಗುತ್ಯಮ್ಮ ನಾಲ್ಕು ಮೆಟ್ಟಿಲು ಹಿಂದೆ, ಹಾಗೇ ಮಹಡಿಯಿಂದ ಇಳಿದರು. ಕಾರ್ಗಲ್ಲಿನ ಬಸ್ಸಿನಲ್ಲಿ ಕೆರಿಯಪ್ಪ ಮೂರು ಸಲ ಕೇಳಿದ, "ನಿಂಗೆಂತ ಬಂತೆ ಇವತ್ತು? ನಂಗೆ ಕಿಟಕಿ ಇದ್ರೆ ನಿದ್ದೆ ಬರಲ್ಲ." ಗುತ್ಯಮ್ಮ, "ಕಣ್ಣು ಮುಚ್ಕಂಡು ಮಲ್ಗಿ," ಎಂದಷ್ಟೇ ಹೇಳಿದಳು.

ಹಡಗು ಹತ್ತುವ ದಿನದ ಹೊತ್ತಿಗೆ ಮಾತು ಮತ್ತೆ ಶುರುವಾಗಿತ್ತು. ಹೊನ್ನಾವರದಿಂದ ಮುಂಬಯಿಗೆ ಒಂದೇ ರೈಲು, ಎದುರುಬದುರು ಸೀಟು, ಎಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡು ಕೂರುವುದು? ವೆಂಕಮ್ಮ ಚಕ್ಕುಲಿ ಡಬ್ಬ ತೆಗೆದಳು, ಗುತ್ಯಮ್ಮ ಮಾವಿನಮಿಡಿ ಉಪ್ಪಿನಕಾಯಿ ತೆಗೆದಳು. ಆದರೆ ಬಂದರಿನಲ್ಲಿ ಕೊರಳಿಗೆ ಹಾಕಿಕೊಳ್ಳಲು ಕಾರ್ಡು ಕೊಟ್ಟರು. ಮೇಲಿನವರದು ಬಂಗಾರದ ಬಣ್ಣ, ಕೆಳಗಿನವರದು ನೀಲಿ. ಇಬ್ಬರೂ ಒಬ್ಬರ ಕಾರ್ಡು ಇನ್ನೊಬ್ಬರು ನೋಡಿದರು.

ಹಡಗು ಹೊರಡುವ ಮೊದಲೇ ಕೆರಿಯಪ್ಪ ವಾಂತಿಯ ಮಾತ್ರೆ ನುಂಗಿ, ಬಾಲ್ಕನಿಯ ಪರದೆ ಎಳೆದು, ಗೊರಕೆ ಹೊಡೆಯತೊಡಗಿದ. ಚಂದ್ರಯ್ಯಗೌಡರು ಕೆಳಗಿನ ಹಾಲಿನಲ್ಲಿ ಆಗಲೇ ಊಟಕ್ಕೆ ಕೂತಾಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ಗುತ್ಯಮ್ಮ ಒಬ್ಬಳೇ, ರೇಷ್ಮೆ ಸೀರೆಯುಟ್ಟು, ಮೇಲಿನ ಊಟದ ಹಾಲಿಗೆ ಹೊರಟಳು. ಲಿಫ್ಟಿನ ಬಳಿ ವೆಂಕಮ್ಮ ಸಿಕ್ಕಿದಳು.

"ಹೆಂಗಿದೆ ನೋಡಾನ ಅಂತ ಬಂದೆ," ಎಂದು ಜೊತೆಗೆ ಹೆಜ್ಜೆ ಹಾಕಿದಳು.

ಹಾಲಿಗೆ ಗಾಜಿನ ಬಾಗಿಲು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಇವರ ಮಾತು ಕೇಳಿ ಕನ್ನಡದಲ್ಲೇ ನಮಸ್ಕಾರ ಹೇಳಿದಳು. ಕಾರವಾರದವಳಂತೆ. ಗುತ್ಯಮ್ಮನ ಕಾರ್ಡು ನೋಡಿ ಬಾಗಿಲು ತೆಗೆದಳು. ವೆಂಕಮ್ಮನ ನೀಲಿ ಕಾರ್ಡು ನೋಡಿ ಕೈ ಅಡ್ಡ ಹಿಡಿದಳು.

"ಇವರು ನಿಮ್ಮ ಗೆಸ್ಟಾ ಮೇಡಂ? ಮೇಲಿನವರು ಒಬ್ಬರನ್ನ ಕರ್ಕೊಂಡು ಬರಬಹುದು. ನೀವು ಹೂಂ ಅಂದ್ರೆ ಸಾಕು."

ಯೋಗರಾಜ್ ಈ ಮಾತು ಹೇಳಿರಲಿಲ್ಲ. ಗುತ್ಯಮ್ಮ ಹೊಸ್ತಿಲ ಒಳಗೆ ನಿಂತಿದ್ದಳು, ವೆಂಕಮ್ಮ ಹೊರಗೆ. ಹುಡುಗಿ ನಗುಮುಖದಿಂದ ಕಾಯುತ್ತಿದ್ದಳು. ವೆಂಕಮ್ಮ ಗುತ್ಯಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಗುತ್ಯಮ್ಮನಿಗೆ ಹೊಸದಲ್ಲ. ಜಗಲಿಯಿಂದ ಇಳಿಯುವಾಗ ತಾನು ತಿರುಗಿ ನೋಡಿದ್ದು ಹೀಗೆಯೇ ಇದ್ದಿರಬೇಕು.

ಒಂದು ಹೂಂ ಅವಳ ಗಂಟಲಿನವರೆಗೂ ಬಂತು. ಅದನ್ನು ಅಲ್ಲೇ ನುಂಗಿಕೊಂಡಳು.

"ಇಲ್ಲೇ ಸೋಫಾದ ಮೇಲೆ ಕೂತಿರು," ಅಂದಳು. "ಊಟ ಆದ್ಮೇಲೆ ಬರ್ತೀನಿ."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಕಿಟಕಿಯ ಪಕ್ಕದ ಮೇಜು. ಬಿಳಿ ಬಟ್ಟೆ, ಹೊಳೆಯುವ ಚಮಚಗಳು, ಹೊರಗೆ ಕಣ್ಣು ಹಾಯುವಷ್ಟು ದೂರ ನೀರು. ಬಡಿಸುವವನು ಒಂದೊಂದಾಗಿ ತಂದಿಟ್ಟ. ಬಿಸಿ ಸೂಪು, ಪನೀರು, ಮೀನು, ಸಣ್ಣಕ್ಕಿಯ ಅನ್ನ, ಕೊನೆಗೆ ಬೆಳ್ಳಗಿನ ಒಂದು ಸಿಹಿ. ಗುತ್ಯಮ್ಮ ಯಾವುದನ್ನೂ ಬೇಡ ಅನ್ನಲಿಲ್ಲ. ಚಮಚ ಪಕ್ಕಕ್ಕಿಟ್ಟು, ಕೈಯಲ್ಲಿ ಕಲಸಿ, ಆಸ್ಪತ್ರೆಯ ಕೆಲಸದಲ್ಲಿ ಎಂದೂ ಸಿಗದ ನಿಧಾನದಲ್ಲಿ ಉಂಡಳು. ಹೊರಗೆ ಒಬ್ಬಳು ಕಾಯುತ್ತಿದ್ದಾಳೆ ಎನ್ನುವುದು ಒಂದು ತುತ್ತಿಗೂ ಮರೆಯಲಿಲ್ಲ. ಖುಷಿಯಾಯಿತೇ ಎಂದರೆ, ಆಯಿತು. ಸುಳ್ಳು ಯಾಕೆ ಹೇಳಬೇಕು? ಸಿಹಿಯನ್ನು ಎರಡನೇ ಸಲ ಹಾಕಿಸಿಕೊಂಡಳು. ಅದು ಹೊಟ್ಟೆಗೆ ಬೇಕಾಗಿರಲಿಲ್ಲ.

ಉಂಡು ಮುಗಿದ ಕೂಡಲೇ ಅವಳ ಕೈ ತನ್ನಷ್ಟಕ್ಕೇ ತಟ್ಟೆಗೆ ಹೋಯಿತು. ಎರಡೂ ಕೈಯಲ್ಲಿ ಹಿಡಿದು, ಎತ್ತಿ, ಏಳಲು ಹೊರಟಳು. ದೂರದಲ್ಲಿದ್ದ ಬಡಿಸುವವನು ಬೇಡ ಬೇಡ ಎಂದು ಕೈಯಾಡಿಸುತ್ತ ಧಾವಿಸಿದ. ಅವನು ಬರುವುದಕ್ಕೆ ಮೊದಲೇ ಗುತ್ಯಮ್ಮ ತಟ್ಟೆಯನ್ನು ಕೆಳಗಿಟ್ಟಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅನ್ನದ ಅಗುಳು, ಮೀನಿನ ಮುಳ್ಳು, ಅರ್ಧ ಉಳಿದ ಎರಡನೇ ಸಿಹಿ ಎಲ್ಲ ಹಾಗೆಯೇ ಬಿದ್ದಿದ್ದವು. ಅವಳು ಕೈತೊಳೆದು, ಹಿಂದೆ ತಿರುಗಿ ನೋಡದೆ, ಬಾಗಿಲಿನತ್ತ ನಡೆದಳು.

ವೆಂಕಮ್ಮ ಸೋಫಾದ ಮೇಲೆ ಕೂತೇ ಇದ್ದಳು. ಮುಕ್ಕಾಲು ಗಂಟೆಯಾಗಿತ್ತು.

"ನೀ ಉಂಡ್ಯಾ?" ಗುತ್ಯಮ್ಮ ಕೇಳಿದಳು.

"ಇಲ್ಲ. ಕೂತಿರು ಅಂದ್ಯಲ್ಲ."

ಗುತ್ಯಮ್ಮ ಅವಳ ಎದುರಿಗೇ ನಿಂತಳು. "ಎಲೆ ತೆಗಿಲಿಲ್ಲ ಕಣೆ ನಾನು."

ಯಾವ ಎಲೆ ಎಂದು ವೆಂಕಮ್ಮ ಕೇಳಲಿಲ್ಲ. ಇಷ್ಟು ವರ್ಷ ಅವಳಿಗೆ ಮರೆತುಹೋಗಿದೆ ಎಂದೇ ಗುತ್ಯಮ್ಮ ಅಂದುಕೊಂಡಿದ್ದಳು. ಮರೆತಿರಲಿಲ್ಲ. ವೆಂಕಮ್ಮ ಕೊರಳಿನ ನೀಲಿ ಕಾರ್ಡನ್ನು ಬೆರಳಿನಲ್ಲಿ ತಿರುಗಿಸುತ್ತ, "ಅವತ್ತು ನಂಗೂ ಊಟ ಸೇರ್ಲಿಲ್ಲ ಮಾರಾಯ್ತಿ," ಅಂದಳು.

"ಸುಳ್ಳು." ಗುತ್ಯಮ್ಮನ ದನಿ ಏರಿತು. ಬಾಗಿಲ ಹುಡುಗಿ ಇತ್ತ ನೋಡಿದಳು. "ಸೇರ್ತು. ಅಂಗಳದಿಂದ ನಾ ನೋಡಿದೀನಿ. ಎರಡು ಸಲ ಪಾಯ್ಸ ಹಾಕಿಸ್ಕಂಡೆ ನೀನು."

ವೆಂಕಮ್ಮ ತಲೆಯೆತ್ತಿದಳು. ಹಡಗಿನ ಯಂತ್ರ ಶುರುವಾಗಿ ಕಾಲ ಕೆಳಗಿನ ನೆಲ ಸಣ್ಣಗೆ ಅದುರತೊಡಗಿತ್ತು.

"ಹೌದು," ಅಂದಳು. "ಹಾಕಿಸ್ಕಂಡೆ."

ಗುತ್ಯಮ್ಮ ಉಸಿರು ಬಿಟ್ಟಳು. ಇನ್ನೇನೋ ಕೇಳಬೇಕೆಂದಿದ್ದಳು, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. "ಏಳು, ಕೆಳಗೆ ಊಟ ಮುಗಿದುಹೋಗುತ್ತೆ," ಅಂದಳು. ಕೈ ಮಾತ್ರ ಕೊಡಲಿಲ್ಲ. ವೆಂಕಮ್ಮ ಸೋಫಾದ ಅಂಚು ಹಿಡಿದು, ಮಂಡಿ ನೋವಿಗೆ ಸ್ವಲ್ಪ ತಡೆದು, ತಾನೇ ಎದ್ದಳು. ಎದ್ದವಳು ಹೊರಡದೆ ಗಾಜಿನ ಬಾಗಿಲಿನ ಕಡೆ ತಿರುಗಿ ನಿಂತಳು. ಗುತ್ಯಮ್ಮನೂ ಅತ್ತ ನೋಡಿದಳು.

ಒಳಗೆ, ಕಿಟಕಿಯ ಪಕ್ಕದ ಮೇಜಿನ ಬಳಿ, ಬಡಿಸುವವನು ಬಗ್ಗಿ ಗುತ್ಯಮ್ಮನ ತಟ್ಟೆಯನ್ನು ಎತ್ತಿಕೊಂಡ. ಬಿದ್ದಿದ್ದ ಅಗುಳುಗಳನ್ನು ಅಂಗೈಗೆ ಬಳಿದುಕೊಂಡ. ಆಮೇಲೆ ಹೆಗಲಿನ ಬಿಳಿ ಬಟ್ಟೆ ತೆಗೆದು, ಅವಳು ಕೂತಿದ್ದ ಜಾಗವನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಒರೆಸಿದ.