ಎದುರಂಗಡಿಯ ಕಂಪ್ಯೂಟರ್ ಕಸೂತಿ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ಬಶೀರುನ್ನೀಸಾ ಮೊದಲು ನೋಡುತ್ತಿದ್ದದ್ದು ಎದುರಂಗಡಿಯ ಮುಂದೆ ಎಷ್ಟು ಸ್ಕೂಟರ್ ನಿಂತಿವೆ ಎಂದು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಹದಿನೆಂಟು ವರ್ಷದಿಂದ ಮದುವೆ ರವಿಕೆ ಹೊಲಿಯುತ್ತಿದ್ದವಳು ಅವಳು. ಎದುರಂಗಡಿಯ ಅಕ್ಷತ ಅವಳ ಹತ್ತಿರವೇ ಸೂಜಿ ಹಿಡಿಯಲು ಕಲಿತವಳು. ಈಗ ಆ ಹುಡುಗಿ ಕಂಪ್ಯೂಟರ್ ಕಸೂತಿ ಮಷೀನು ತಂದಿದ್ದಳು. ನವಿಲು, ಆನೆ, ಮದುಮಗಳ ಹೆಸರು, ಏನು ಬೇಕಾದರೂ ಒಂದೇ ದಿನದಲ್ಲಿ ರವಿಕೆಯ ತೋಳಿನ ಮೇಲೆ ಮೂಡುತ್ತಿತ್ತು.

"ನಮ್ಮಂಗಡಿಗೆ ಬಂದಾಗ ಗುಂಡಿಗೆ ಕಾಜಾ ಹಾಕೋಕೂ ಬರ್ತಿರಲಿಲ್ಲ ಅವಳಿಗೆ," ಎಂದು ಬಶೀರುನ್ನೀಸಾ ಗಂಡನ ಮುಂದೆ ಗೊಣಗಿದಳು. "ನನಗೂ ಅಂಥದ್ದೇ ಮಷೀನು ಬೇಕು. ಅವಳದ್ದಕ್ಕಿಂತ ದೊಡ್ಡದು."

ಗಂಡ ಮುನಾವರ್ ಪಾಷಾ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಮಷೀನುಗಳ ಸಹವಾಸ ಬಲ್ಲವನು. "ತರೋಣ. ಆದ್ರೆ ನಡೆಸೋರು ಯಾರು? ಕೆಟ್ಟೋದ್ರೆ ಯಾರು ಬರ್ತಾರೆ? ಮೊದ್ಲು ಅಕ್ಷತನ್ನೇ ಒಂದ್ಮಾತು ಕೇಳು."

"ನಾನು ಹೋಗಿ ಅವಳನ್ನ ಕೇಳಬೇಕಾ?" ಎಂದಳು ಬಶೀರುನ್ನೀಸಾ. ಕೇಳಲು ಹೋಗಲೂ ಇಲ್ಲ.

ಮಷೀನು ಬಂತು. ನಡೆಸಲು ಹರಿಪ್ರಸಾದ್ ಎಂಬವನನ್ನು ಇಟ್ಟುಕೊಂಡಳು. ದುಡ್ಡು ಉಳಿಯುತ್ತದೆಂದು ಅವನು ಎಲ್ಲಿಂದಲೋ ಕದ್ದ ಸಾಫ್ಟ್‌ವೇರ್ ಹಾಕಿದ. ಅಪ್‌ಡೇಟ್ ಮಾಡಿ ಎಂದು ಪರದೆ ಕೇಳಿದಾಗಲೆಲ್ಲ "ಆಮೇಲೆ" ಎಂದು ಒತ್ತಿದ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಗಿರಾಕಿಗಳ ಅಳತೆಯನ್ನೆಲ್ಲ ಪುಸ್ತಕದ ಬದಲು ಆ ಕಂಪ್ಯೂಟರಿನೊಳಗೇ ಬರೆದಿಟ್ಟರು. ಬಶೀರುನ್ನೀಸಾ ಒಂದು ದಿನವೂ ಅದರ ಮುಂದೆ ಕೂರಲಿಲ್ಲ.

ಒಮ್ಮೆ ಅಕ್ಷತ ರಸ್ತೆ ದಾಟಿ ಬಂದು, "ಅಕ್ಕ, ಡಿಸೈನೆಲ್ಲಾ ಬೇರೆ ಕಡೆ ಒಂದು ಕಾಪಿ ಇಟ್ಕೊಂಡಿದ್ದೀರಾ?" ಎಂದಳು.

ನನ್ನ ಹತ್ತಿರ ಎಷ್ಟು ಡಿಸೈನ್ ಇದೆ ಎಂದು ತಿಳಿಯಲು ಬಂದಿದ್ದಾಳೆ ಎಂದುಕೊಂಡಳು ಬಶೀರುನ್ನೀಸಾ. "ನನ್ನಂಗಡಿ ವಿಷಯ ನಾನು ನೋಡ್ಕೋತೀನಿ."

ಮದುವೆಗಳ ಕಾಲ ಬಂತು. ಸೂಲಿಬೆಲೆಯ ಗಂಗಲಕ್ಷ್ಮಮ್ಮ ಮಗಳ ಮದುವೆಗೆಂದು ಐದು ರವಿಕೆ ಹೊಲಿಯಲು ಕೊಟ್ಟಿದ್ದರು. ಮದುವೆಗೆ ಆರು ದಿನ ಇರುವಾಗ ಕಂಪ್ಯೂಟರ್ ತೆರೆದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು: ನಿಮ್ಮ ಫೈಲುಗಳಿಗೆ ಬೀಗ ಬಿದ್ದಿದೆ, ಹಣ ಕಳಿಸಿ. ಹರಿಪ್ರಸಾದ್ ಒಂದು ಗಂಟೆ ತಡಕಾಡಿದ. ಮಾರನೆಯ ದಿನ ಅವನ ಫೋನೂ ಸ್ವಿಚ್ ಆಫ್.

"ಇದು ಅವಳದ್ದೇ ಕೆಲಸ," ಎಂದು ಬಶೀರುನ್ನೀಸಾ ಎದುರಂಗಡಿಯತ್ತ ಕೈ ತೋರಿಸಿದಳು.

"ಅವಳು ನಮ್ಮ ಕಂಪ್ಯೂಟರ್ ಮುಟ್ಟೇ ಇಲ್ಲ ಕಣೇ," ಎಂದ ಮುನಾವರ್. "ಅವಳಿಗೆ ಗೊತ್ತಿರೋದನ್ನ ನೀನು ಕೇಳಲಿಲ್ಲ, ಅಷ್ಟೇ."

ಕೊನೆಗೆ ಅವಳೇ ರಸ್ತೆ ದಾಟಿದಳು. ಅಕ್ಷತಳ ಅಂಗಡಿಯ ಹೊಸ ಕನ್ನಡಿ, ಹೊಸ ದೀಪ ನೋಡಿ ಆಗಲೂ ಹೊಟ್ಟೆಯೊಳಗೆ ಉರಿಯಿತು. ಆದರೂ ಎಲ್ಲ ಹೇಳಿದಳು.

"ಹೋದ ವರ್ಷ ನಂದೂ ಹಿಂಗೇ ಹೋಯ್ತು ಅಕ್ಕ," ಎಂದಳು ಅಕ್ಷತ. "ಮೂರು ದಿನ ಅಳ್ತಾ ಕೂತಿದ್ದೆ. ನಿಮ್ಮತ್ರ ಹೇಳೋಕೆ ನಾಚಿಕೆ ಆಯ್ತು. ಬೀಗ ಹಾಕಿದ ಕಳ್ಳರಿಗೆ ಹಣ ಕಳಿಸ್ಬೇಡಿ, ಕಳಿಸಿದ್ರೂ ಫೈಲ್ ಸಿಗುತ್ತೆ ಅನ್ನೋ ನಂಬಿಕೆ ಇಲ್ಲ. ಸೈಬರ್ ಪೊಲೀಸರಿಗೆ ದೂರು ಕೊಡೋಣ."

ಅವಳು ಡ್ರಾಯರಿನಿಂದ ಅಂಗೈಯಗಲದ ಒಂದು ಡಿಸ್ಕ್ ತೆಗೆದಳು. "ಪ್ರತಿ ಶನಿವಾರ ಎಲ್ಲಾ ಇದಕ್ಕೆ ಕಾಪಿ ಮಾಡಿ, ವೈರ್ ಕಿತ್ತು ಬೇರೆ ಇಡ್ತೀನಿ. ಪಾಸ್‌ವರ್ಡ್ ನಮ್ಮಮ್ಮಂಗೂ ಗೊತ್ತು. ಸಾಫ್ಟ್‌ವೇರ್ ಮಾತ್ರ ಕಂಪನಿಯದ್ದೇ, ಕದ್ದದ್ರಲ್ಲಿ ಹಿಂಗೆ ಬೀಗ ಹಾಕೋ ವೈರಸ್ ಸೇರ್ಕೊಂಡಿರುತ್ತೆ."

ಬಶೀರುನ್ನೀಸಾ ಮಷೀನನ್ನಷ್ಟೇ ನೋಡಿ ಅಸೂಯೆಪಟ್ಟಿದ್ದಳು. ಈ ಡಿಸ್ಕ್ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಬಶೀರುನ್ನೀಸಾ ಮೊದಲೇ ಗಂಗಲಕ್ಷ್ಮಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಫೋಟೋ ನೋಡಿ ಅಕ್ಷತ ತನ್ನ ಕಂಪ್ಯೂಟರಿನಲ್ಲಿ ಡಿಸೈನುಗಳನ್ನು ಮತ್ತೆ ಬರೆದಳು, ಕಸೂತಿಯನ್ನೂ ತನ್ನ ಮಷೀನಿನಲ್ಲೇ ಹಾಕಿಕೊಡಲು ಒಪ್ಪಿದಳು. ಅಳತೆಗೆ ಮಾತ್ರ ಬೇರೆ ದಾರಿಯಿರಲಿಲ್ಲ. ಬಶೀರುನ್ನೀಸಾ ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಸೂಲಿಬೆಲೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

"ನನ್ ಮಗಳ ಅಳತೆ ನಾನು ಕಂಪ್ಯೂಟರ್‌ಗೆ ಕೊಟ್ಟಿರಲಿಲ್ಲ, ನಿಂಗೆ ಕೊಟ್ಟಿದ್ದೆ," ಎಂದರು ಗಂಗಲಕ್ಷ್ಮಮ್ಮ. ಬಶೀರುನ್ನೀಸಾ ತಲೆ ತಗ್ಗಿಸಿ ಟೇಪು ಬಿಚ್ಚಿದಳು.

ಮದುವೆಯ ಹಿಂದಿನ ದಿನ ನಾಲ್ಕು ರವಿಕೆ ತಲುಪಿದವು. ಐದನೆಯದಕ್ಕೆ ಕಸೂತಿ ಆಗಲಿಲ್ಲ. ಉಳಿದ ಗಿರಾಕಿಗಳಲ್ಲಿ ಎಷ್ಟೋ ಮಂದಿ ಮತ್ತೆ ಅಳತೆ ಕೊಡಲು ಬರಲೇ ಇಲ್ಲ.

ಈಗ ಬಶೀರುನ್ನೀಸಾ ತಾನೇ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಅಕ್ಷತಳ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ. ಆದರೆ ಏನಾದರೂ ಅರ್ಥವಾಗದಿದ್ದರೆ ಹೋಗಿ ಕೇಳುತ್ತಾಳೆ.

ಅಂಗಡಿ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ಪಕ್ಕದವರು ಕೊಂಡರೆಂದು ನೀವೂ ಕೊಳ್ಳಬೇಡಿ. ಕೊಳ್ಳುವ ಮೊದಲು ನಿಮ್ಮ ಕೆಲಸಕ್ಕೆ ಅದು ಬೇಕೇ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದು ವಿಚಾರಿಸಿ. ಕೊಂಡ ಮೇಲೆ ನೀವೂ ಕಲಿಯಿರಿ. ಕದ್ದ ಸಾಫ್ಟ್‌ವೇರ್ ಬೇಡ, ಅಪ್‌ಡೇಟ್ ಮುಂದೂಡಬೇಡಿ, ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗೂ ತಿಳಿದಿರಲಿ. ನಾಳೆ ಬೆಳಿಗ್ಗೆ ನಿಮ್ಮ ಕಂಪ್ಯೂಟರ್ ತೆರೆಯದಿದ್ದರೆ ನಿಮ್ಮ ಕೈಯಲ್ಲಿ ಏನು ಉಳಿದಿರುತ್ತದೆ? ಉತ್ತರ ಹೊಳೆಯದಿದ್ದರೆ, ಇವತ್ತೇ ಒಂದು ಕಾಪಿ ಮಾಡಿ ಬೇರೆ ಇಡಿ.